ಕೇಳ್ರಿ, ಹೇಳ್ತೀನಿ: ಉಪ್ಪು ಮೀನಿನ ಗಾಡಿ ಮತ್ತು ಚೀನಾದ ಪಟ್ಟ

ಹೋದ ಸಂಚಿಕೆಯಲ್ಲಿ ಚೀನಾದ ಮಣ್ಣಿನ ಸೈನಿಕರ ಬಗ್ಗೆ ಅರ್ಧ ಪುಟ ಬರೆದಿದ್ದೆ, ಅಷ್ಟೇ. ಶಿಯಾನ್ ಊರಿನ ಹತ್ತಿರ 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕ, ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಕಾಯಲು ಹೂತಿಟ್ಟ ಸಾವಿರಾರು ಬೊಂಬೆಗಳ ಕತೆ. ಅದನ್ನು ಓದಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಬೊಂಬೆ ಬಗ್ಗೆ ಕೇಳಿದವರು ಕಡಿಮೆ. ಎಲ್ಲರಿಗೂ ಬೇಕಾದದ್ದು ಒಂದೇ: ಆ ಅರಸ ಸತ್ತ ಮೇಲೆ ಪಟ್ಟ ಯಾರಿಗೆ ಹೋಯಿತು? ನಮ್ಮ ಕಡೆ ಮಂದಿಗೆ ವಾರಸಾ ವಿಷಯ ಅಂದರೆ ಕಿವಿ ನೆಟ್ಟಗಾಗುತ್ತವೆ. ತಪ್ಪೇನಿಲ್ಲ ಬಿಡಿ, ನನಗೂ ಹಾಗೇ. ಹೀಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಸರ್, ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಮೊಬೈಲಿನಲ್ಲಿ ಚೀನಾ ಸೀರಿಯಲ್ ನೋಡ್ತೀನ್ರಿ. ಎಲ್ಲಾದರಲ್ಲೂ ರಾಜಕುಮಾರರ ಜಗಳ. ಹಿರಿಮಗನಿಗೇ ಪಟ್ಟ ಅಂತ ಕಾಯ್ದೆ ಇರಲಿಲ್ಲೇನ್ರಿ ಅವರಲ್ಲಿ?
– ಬಟ್ಟೆ ಅಂಗಡಿಯವರು, ದುರ್ಗದಬೈಲ್, ಹುಬ್ಬಳ್ಳಿ

ಇತ್ತು ರೀ. ಕಾಯ್ದೆ ಚೆನ್ನಾಗಿಯೇ ಇತ್ತು. ಅದು ಝೌ ಮನೆತನದ ಕಾಲದ್ದು, ಆ ಮನೆತನ ಅಧಿಕಾರಕ್ಕೆ ಬಂದದ್ದು ಕ್ರಿ.ಪೂ. 1046ರ ಸುಮಾರಿಗೆ. ಪಟ್ಟದ ರಾಣಿಯ ಹಿರಿಯ ಮಗನಿಗೆ ಪಟ್ಟ, ಇದು ನಿಯಮ. ಅರಸನ ಹಿರಿಯ ಮಗ ಅಲ್ಲ, ಪಟ್ಟದ ರಾಣಿಯ ಹಿರಿಯ ಮಗ. ಉಳಿದ ಹೆಂಡತಿಯರಿಗೆ ಹತ್ತು ವರ್ಷ ಮೊದಲೇ ಗಂಡು ಹುಟ್ಟಿದ್ದರೂ ಅವನು ಸಾಲಿನಲ್ಲಿ ಹಿಂದೆ. ಅದಕ್ಕೂ ಮುಂಚಿನ ಷಾಂಗ್ ಮನೆತನದಲ್ಲಿ ಅಣ್ಣ ಸತ್ತರೆ ತಮ್ಮ, ಅವನು ಸತ್ತರೆ ಇನ್ನೊಬ್ಬ ತಮ್ಮ, ಹೀಗೂ ಪಟ್ಟ ಹೋಗುತ್ತಿತ್ತು.

ಆದರೆ ಕಾಯ್ದೆ ಇರೋದು ಒಂದು ಕಡೆ, ಅರಸ ಪ್ರಾಣ ಬಿಡೋದು ಇನ್ನೊಂದು ಕಡೆ. ಇಷ್ಟು ವರ್ಷ ಓದಿದ ಮೇಲೆ ನನಗನ್ನಿಸಿದ್ದು ಇದು: ಚೀನಾದಲ್ಲಿ ಪಟ್ಟ ಹಿರಿಯನಿಗೆ ಸಿಕ್ಕಿದ್ದಕ್ಕಿಂತ ಹತ್ತಿರ ಇದ್ದವನಿಗೆ ಸಿಕ್ಕಿದ್ದೇ ಜಾಸ್ತಿ. ಹಾಸಿಗೆಯ ಹತ್ತಿರ, ಮುದ್ರೆಯ ಹತ್ತಿರ.

ಆ ಬೊಂಬೆಗಳ ಯಜಮಾನನನ್ನೇ ತಗೊಳ್ಳಿ. ಚಿನ್ ನಾಡಿನ ಈ ಅರಸ ಕ್ರಿ.ಪೂ. 221ರಲ್ಲಿ ಉಳಿದ ಎಲ್ಲ ರಾಜ್ಯಗಳನ್ನು ಗೆದ್ದು ಒಂದು ಮಾಡಿದ. ಅಲ್ಲಿಯವರೆಗೆ ಅರಸರಿಗೆ 'ವಾಂಗ್' ಅನ್ನುತ್ತಿದ್ದರು. ಇವನಿಗೆ ಅದು ಸಾಲಲಿಲ್ಲ. ಪುರಾಣದ ದೇವತೆಗಳ, ಹಳೆಯ ದೊರೆಗಳ ಹೆಸರಿನಿಂದ ಒಂದೊಂದು ತುಂಡು ತೆಗೆದು 'ಹುವಾಂಗ್‌ಡಿ' ಅಂತ ಹೊಸ ಬಿರುದು ಕಟ್ಟಿಕೊಂಡ. ನಾವು ಚಕ್ರವರ್ತಿ ಅಂತ ಅನುವಾದ ಮಾಡುವುದು ಇದನ್ನೇ. ತಾನು ಮೊದಲನೆಯ ಚಕ್ರವರ್ತಿ, ಮಗ ಎರಡನೆಯವನು, ಮೊಮ್ಮಗ ಮೂರನೆಯವನು, ಹೀಗೆ ಹತ್ತು ಸಾವಿರ ತಲೆಮಾರಿನವರೆಗೆ ನಂಬರ್ ಹೋಗಬೇಕು ಅಂತ ಆಜ್ಞೆಯನ್ನೂ ಹೊರಡಿಸಿದ. ಹತ್ತು ಸಾವಿರಕ್ಕೆ ಯೋಜನೆ ಹಾಕಿದ ಮನುಷ್ಯ ಮುಂದಿನ ಒಬ್ಬನ ಹೆಸರು ಮಾತ್ರ ಬಹಿರಂಗವಾಗಿ ಹೇಳಲಿಲ್ಲ. ಅವನ ಮುಂದೆ ಸಾವಿನ ಮಾತು ಎತ್ತಲೂ ಯಾರಿಗೂ ಧೈರ್ಯವಿರಲಿಲ್ಲ.

ಕ್ರಿ.ಪೂ. 210ರ ಬೇಸಿಗೆ. ರಾಜ್ಯ ಸುತ್ತುತ್ತಾ ಹೋದವನು ದಾರಿಯಲ್ಲಿ, ಷಾಚಿಯು ಅನ್ನೋ ಕಡೆ ತೀರಿಕೊಂಡ. ಹಿರಿಯ ಮಗ ಫುಸು ದೂರದ ಉತ್ತರ ಗಡಿಯಲ್ಲಿ, ಮೆಂಗ್ ಟಿಯಾನ್ ಅನ್ನೋ ಸೇನಾಪತಿಯ ಜತೆ ಇದ್ದ. ಅಪ್ಪನ ಸಂಗಡ ಪ್ರವಾಸಕ್ಕೆ ಬಂದಿದ್ದವನು ಚಿಕ್ಕ ಮಗ ಹುಹಾಯ್. ಸಾಯುವ ಮುಂಚೆ ಅರಸ ಫುಸುಗೆ ಒಂದು ಕಾಗದ ಬರೆಸಿದ್ದ, ರಾಜಧಾನಿಗೆ ಬಾ, ನನ್ನ ಅಂತ್ಯಕ್ರಿಯೆ ಮಾಡು ಅಂತ. ಮುದ್ರೆಯೂ ಬಿದ್ದಿತ್ತು. ಆದರೆ ಕಾಗದ ಇನ್ನೂ ದೂತನ ಕೈ ಸೇರಿರಲಿಲ್ಲ, ಮುದ್ರೆ ನೋಡಿಕೊಳ್ಳುವ ಝಾವೊ ಗಾವೊ ಅನ್ನುವವನ ಹತ್ತಿರವೇ ಇತ್ತು. ಅವನು ಮಂತ್ರಿ ಲಿ ಸಿಯನ್ನು ಒಲಿಸಿಕೊಂಡು ಆ ಕಾಗದ ನಾಶ ಮಾಡಿ, ಬೇರೆ ಕಾಗದ ಬರೆದ: ಹುಹಾಯ್‌ಗೆ ಪಟ್ಟ, ಫುಸು ಪ್ರಾಣ ಬಿಡಬೇಕು.

ಈಗ ಸಾವಿನ ಸುದ್ದಿ ಮುಚ್ಚಿಡಬೇಕಲ್ಲ. ಹೆಣವನ್ನು ಮುಚ್ಚಿದ ಗಾಡಿಯಲ್ಲೇ ಇಟ್ಟರು. ಹೊತ್ತು ಹೊತ್ತಿಗೆ ಊಟ ಒಳಗೆ ಹೋಗುತ್ತಿತ್ತು. ಅಧಿಕಾರಿಗಳು ಬಂದು ವರದಿ ಒಪ್ಪಿಸಿದರೆ ಗಾಡಿಯ ಒಳಗೆ ಕೂತ ಸೇವಕ 'ಆಗಲಿ' ಅನ್ನುತ್ತಿದ್ದ. ಬೇಸಿಗೆ, ದೂರದ ದಾರಿ, ವಾಸನೆ ಶುರುವಾಯಿತು. ಆಗ ಒಂದು ಹೇರು ಉಪ್ಪು ಹಾಕಿದ ಮೀನು ತರಿಸಿ ಗಾಡಿಗಳಿಗೆ ಹೇರಿದರು. ಹೆಣದ ವಾಸನೆಯೋ ಮೀನಿನ ವಾಸನೆಯೋ ಯಾರಿಗೂ ತಿಳಿಯಬಾರದು! ಕಾರವಾರದ ಕಡೆಯಿಂದ ಒಣಮೀನಿನ ಲಾರಿ ಬರುವಾಗ ಹಿಂದೆ ಬೈಕಿನಲ್ಲಿ ಹೋದವರಿಗೆ ಈ ಉಪಾಯದ ಬೆಲೆ ಗೊತ್ತಾಗುತ್ತದೆ.

ಗಡಿಯಲ್ಲಿ ಕಾಗದ ನೋಡಿದ ಮೆಂಗ್ ಟಿಯಾನ್, 'ಇದು ಖರೆ ಹೌದೋ ಅಲ್ಲೋ ಇನ್ನೊಮ್ಮೆ ಕೇಳಿಸೋಣ' ಎಂದ. ಅವನ ಕೈಕೆಳಗೆ 3 ಲಕ್ಷ ಸೈನ್ಯ ಇತ್ತು ಅಂತ ಬರೆದಿದ್ದಾರೆ. ಫುಸು ಕೇಳಲಿಲ್ಲ. ಅಪ್ಪ ಸಾಯಿ ಅಂದ ಮೇಲೆ ಮಗ ಮತ್ತೆ ಕೇಳೋದೇನು ಅಂತ ಜೀವ ಕಳೆದುಕೊಂಡ. ಹುಹಾಯ್ ಪಟ್ಟಕ್ಕೆ ಬಂದು ಸ್ವಂತ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಸಾಲಾಗಿ ಕೊಲ್ಲಿಸಿದ. ಝಾವೊ ಗಾವೊ ಕೊನೆಗೆ ಎಷ್ಟು ಬಲಿತ ಅಂದರೆ, ಸಭೆಗೆ ಒಂದು ಜಿಂಕೆ ತರಿಸಿ ಇದು ಕುದುರೆ ಅಂದ. ಹೌದು ಕುದುರೆ ಅಂದವರು ಬದುಕಿದರು. ಕ್ರಿ.ಪೂ. 207ರಲ್ಲಿ ಹುಹಾಯ್‌ನೂ ಸತ್ತ. ಹತ್ತು ಸಾವಿರ ತಲೆಮಾರಿನ ಲೆಕ್ಕ 15 ವರ್ಷಕ್ಕೆ ಮುಗಿಯಿತು.

ಇದನ್ನೆಲ್ಲ ಬರೆದವನು ಸಿಮಾ ಚಿಯಾನ್, ಸುಮಾರು ನೂರು ವರ್ಷದ ನಂತರ, ಮುಂದಿನ ಮನೆತನದ ಆಸ್ಥಾನದಲ್ಲಿ ಕೂತು. ಪೀಕಿಂಗ್ ವಿಶ್ವವಿದ್ಯಾಲಯದವರು ಇಟ್ಟುಕೊಂಡಿರುವ, ಬಿದಿರಿನ ಪಟ್ಟಿಗಳ ಮೇಲೆ ಬರೆದ ಹಳೆಯ ಗ್ರಂಥದಲ್ಲಿ ಬೇರೆ ಕತೆ ಇದೆ. ಅದರ ಪ್ರಕಾರ ಹುಹಾಯ್‌ನನ್ನು ಅಪ್ಪನೇ ಒಪ್ಪಿದ್ದ. ಯಾವುದು ಖರೆ? ಹಾಸಿಗೆ ಹತ್ತಿರ ಇದ್ದವರಿಗೆ ಮಾತ್ರ ಗೊತ್ತು, ಅದೇ ತಾನೇ ತಕರಾರು.

ನಮ್ಮ ಅಜ್ಜಿ ತೀರಿಕೊಂಡಾಗ ಅವಳ ಸೊಂಟದಲ್ಲಿದ್ದ ಟ್ರಂಕಿನ ಕೀಲಿ ಯಾರು ಬಿಚ್ಚಿಕೊಂಡರು ಅನ್ನೋದು ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥ ಆಗಿಲ್ಲ. ಮೂವತ್ತು ವರ್ಷ ಆಯಿತು. ಟ್ರಂಕಿನಲ್ಲಿ ಇದ್ದದ್ದು ಎರಡು ಇಳಕಲ್ ಸೀರೆ, ಒಂದು ಉತಾರ, ಅಷ್ಟೇ.

ಪ್ರಶ್ನೆ: ರೈತನ ಮಗ ಚಕ್ರವರ್ತಿ ಆದ ಅಂತ ಓದಿದೆ. ನಮ್ಮಲ್ಲಿ ಅರಸು ಆಗಲಿಕ್ಕೆ ಕುಲ, ವಂಶ ಅಂತ ಏನೇನೋ ಹೇಳುತ್ತಾರೆ. ಅಲ್ಲಿ ಹೇಗೆ ನಡೀತು ಇದು?
– ಬೀಜದ ಅಂಗಡಿಯವರು, ರಾಣೆಬೆನ್ನೂರು

ಬೀಜದ ಅಂಗಡಿಯವರೇ ಈ ಪ್ರಶ್ನೆ ಕೇಳಿದ್ದು ಬಹಳ ಖುಷಿ ಆಯಿತು, ಯಾಕೆ ಅಂತ ಈಗ ಹೇಳ್ತೀನಿ.

ಕ್ರಿ.ಪೂ. 209ರಲ್ಲಿ, ಅದೇ ಹುಹಾಯ್‌ನ ಕಾಲದಲ್ಲಿ, ಗಡಿ ಕಾಯಲು ಹೊರಟಿದ್ದ ಒಂಬೈನೂರು ಕೂಲಿ ಜನ ದಾರಿಯಲ್ಲಿ ಮಳೆಗೆ ಸಿಕ್ಕು ನಿಂತರು. ತಡವಾಗಿ ಹೋದರೆ ತಲೆ ಹೋಗುತ್ತದೆ ಅನ್ನೋದು ಅವರ ಹೆದರಿಕೆ. ಅವರಲ್ಲಿ ಒಬ್ಬ ಚೆನ್ ಷೆಂಗ್, ಕೂಲಿ ಉಳುಮೆ ಮಾಡಿದವನು, ಹೇಗೂ ಸಾಯೋದೇ ಆದರೆ ತಿರುಗಿ ಬಿದ್ದು ಸಾಯೋಣ ಎಂದ. ಅವನ ಒಂದು ಮಾತು ಚೀನಾದಲ್ಲಿ ಇವತ್ತಿಗೂ ನಾಲಿಗೆ ಮೇಲಿದೆ: ದೊರೆಗಳು, ದಂಡನಾಯಕರು ಏನು ಬೇರೆ ಬೀಜದಿಂದ ಹುಟ್ಟಿದವರೇ? ಅವನದು ಆರು ತಿಂಗಳ ಆಟ, ಸ್ವಂತ ಗಾಡಿ ಹೊಡೆಯುವವನೇ ಅವನನ್ನು ಕೊಂದ. ಆದರೆ ಅವನು ಹಚ್ಚಿದ ಬೆಂಕಿಯಲ್ಲಿ ಮೇಲೆ ಬಂದವನು ಲಿಯು ಬಾಂಗ್. ಇವನೂ ರೈತರ ಮನೆಯವನು, ಹಳ್ಳಿ ಕಡೆ ಒಂದು ಠಾಣೆ ನೋಡಿಕೊಳ್ಳುವ ಸಣ್ಣ ನೌಕರಿ. ಕೈದಿಗಳನ್ನು ಕರೆದುಕೊಂಡು ಹೋಗುವಾಗ ಅರ್ಧ ಜನ ಓಡಿಹೋದರು, ಉಳಿದವರನ್ನು ಇವನೇ ಬಿಟ್ಟುಬಿಟ್ಟು ತಾನೂ ಗುಡ್ಡ ಸೇರಿದ. ಕ್ರಿ.ಪೂ. 202ರಲ್ಲಿ ಚಕ್ರವರ್ತಿ. ಅವನು ಕಟ್ಟಿದ ಹಾನ್ ಮನೆತನ, ನಡುವೆ ಒಮ್ಮೆ ಕಡಿದರೂ, 400 ವರ್ಷ ಬಾಳಿತು. ಬಹಳ ಕಾಲದ ನಂತರ 1368ರಲ್ಲಿ ಮಿಂಗ್ ಮನೆತನ ಕಟ್ಟಿದ ಝು ಯುವಾನ್‌ಝಾಂಗ್ ಇನ್ನೂ ಬಡವ. ಬರಗಾಲ, ರೋಗದಲ್ಲಿ ಅಪ್ಪ ಅವ್ವ ಸತ್ತ ಮೇಲೆ ಬೌದ್ಧ ಮಠ ಸೇರಿ, ಅಲ್ಲೂ ಕೂಳು ಇಲ್ಲದೆ ಭಿಕ್ಷೆ ಬೇಡಿದವನು.

ಇದಕ್ಕೆ ಜಾಗ ಮಾಡಿಕೊಟ್ಟದ್ದು 'ಟಿಯಾನ್‌ಮಿಂಗ್' ಅನ್ನೋ ನಂಬಿಕೆ, ಅಂದರೆ ಆಕಾಶದ ಅಪ್ಪಣೆ. ಷಾಂಗ್ ಅರಸನನ್ನು ಕೆಡವಿದ ಝೌ ಮನೆತನದವರು ತಮ್ಮ ಕೆಲಸ ಸರಿ ಅಂತ ಹೇಳಬೇಕಿತ್ತಲ್ಲ, ಆಗ ಹುಟ್ಟಿದ ಮಾತು. ಆಕಾಶ ಯಾರಿಗೂ ಪಟ್ಟವನ್ನು ಕಾಯಂ ಬರೆದುಕೊಟ್ಟಿಲ್ಲ, ಕೆಟ್ಟು ಆಳಿದರೆ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತದೆ ಅಂತ. ಬರ, ನೆರೆ, ಗ್ರಹಣ, ಭೂಕಂಪ ಎಲ್ಲವೂ ಆಕಾಶದ ನೋಟೀಸು. ಗೆದ್ದವನಿಗೆ ಅಪ್ಪಣೆ ಇತ್ತು, ಸೋತವನು ದಂಗೆಕೋರ. ಗೆದ್ದ ಮೇಲೆ ಗೊತ್ತಾಗುವ ಅಪ್ಪಣೆ ಇದು, ಬಹಳ ಅನುಕೂಲದ್ದು.

ಪ್ರಶ್ನೆ: ಯಾರಾದರೂ ಜಗಳ ಇಲ್ಲದೆ, ತಾವೇ ಒಪ್ಪಿ ಪಟ್ಟ ಬಿಟ್ಟುಕೊಟ್ಟದ್ದು ಇದೆಯೇ?
– ಪಿಯು ವಿದ್ಯಾರ್ಥಿ, ಬೆಟಗೇರಿ, ಗದಗ

ಕತೆಯಲ್ಲಿ ಇದೆ, ತಮ್ಮಾ. ಯಾವ್ ಅನ್ನೋ ಹಳೆಯ ದೊರೆ ಮಗನನ್ನು ಬಿಟ್ಟು ಯೋಗ್ಯನಾದ ಶುನ್‌ಗೆ ರಾಜ್ಯ ಕೊಟ್ಟ. ಶುನ್ ಅದನ್ನು ನೆರೆ ನೀರು ಹರಿಸಿ ನಾಡು ಉಳಿಸಿದ ಯೂಗೆ ಕೊಟ್ಟ. ಯೂನ ನಂತರ ಅವನ ಮಗ ಬಂದ, ಅಲ್ಲಿಂದ ಮನೆತನದ ಆಳ್ವಿಕೆ. ಇದು ಪುರಾಣ ಅಂತಲೇ ತಿಳಿ.

ಆದರೆ ಪುರಾಣ ಉಪಯೋಗಕ್ಕೆ ಬಂತು ನೋಡು. ಕ್ರಿ.ಶ. 220ರಲ್ಲಿ ಹಾನ್ ಮನೆತನದ ಕೊನೆಯ ಚಕ್ರವರ್ತಿ ಹೆಸರಿಗೆ ಮಾತ್ರ ಇದ್ದ, ಸೈನ್ಯವೆಲ್ಲ ತ್ಸಾವೊ ಪಿ ಕೈಯಲ್ಲಿ. ಚಕ್ರವರ್ತಿ 'ಯಾವ್ ಕೊಟ್ಟಂತೆ ನಾನೂ ಕೊಡುತ್ತೇನೆ' ಅಂತ ಪತ್ರ ಕಳಿಸಬೇಕು. ತ್ಸಾವೊ ಪಿ 'ಅಯ್ಯೋ, ನಾನೆಲ್ಲಿ, ಪಟ್ಟ ಎಲ್ಲಿ' ಅಂತ ಬೇಡ ಅನ್ನಬೇಕು. ಮತ್ತೆ ಪತ್ರ, ಮತ್ತೆ ಬೇಡ. ಮದುವೆ ಊಟದಲ್ಲಿ ಎಲೆ ಮೇಲೆ ಅಡ್ಡ ಕೈ ಹಿಡಿದು ಬೇಡ ಬೇಡ ಅನ್ನುತ್ತಲೇ ಹೋಳಿಗೆ ಹಾಕಿಸಿಕೊಳ್ಳುತ್ತೇವಲ್ಲ, ಹಾಗೆ. ಕೊನೆಗೆ ವೇದಿಕೆ ಕಟ್ಟಿಸಿ ಪಟ್ಟ ಸ್ವೀಕರಿಸಿ ಇಳಿದು ಬಂದವನು, ಶುನ್ ಮತ್ತು ಯೂ ಕತೆ ಏನು ಅಂತ ಈಗ ನನಗೆ ತಿಳಿಯಿತು ಎಂದನಂತೆ. ನನಗೆ ಬಹಳ ಇಷ್ಟದ ಮಾತು ಇದು, ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡುಬಿಟ್ಟ. ಪಟ್ಟ ಬಿಟ್ಟ ಅರಸನನ್ನು ಕೊಲ್ಲಲಿಲ್ಲ, ಒಂದು ಸಣ್ಣ ಜಹಗೀರು ಕೊಟ್ಟು ಕಳಿಸಿದ. ಅವನು ಇನ್ನೂ 14 ವರ್ಷ ಬದುಕಿದ, ತ್ಸಾವೊ ಪಿಗಿಂತ ಜಾಸ್ತಿಯೇ.

ಪ್ರಶ್ನೆ: ಅರಸರ ಜಗಳ ಎಲ್ಲ ಬರೀತೀರಿ, ಅವರ ತಾಯಂದಿರ ಬಗ್ಗೆ ಯಾರೂ ಬರೆಯೋದಿಲ್ಲ. ಮಗ ಪಟ್ಟಕ್ಕೆ ಬಂದರೆ ತಾಯಿಗೆ ಏನು ಸಿಗುತ್ತಿತ್ತು?
– ಗೃಹಿಣಿ, ಮಾಳಮಡ್ಡಿ, ಧಾರವಾಡ

ಅಕ್ಕಾ, ಎಲ್ಲಾ ಸಿಗುತ್ತಿತ್ತು. ಇಲ್ಲಾ, ಸಾವು ಸಿಗುತ್ತಿತ್ತು. ನಡುವಿನದು ಕಡಿಮೆ.

ಲಿಯು ಬಾಂಗ್‌ನ ಹೆಂಡತಿ ಲ್ಯೂ. ಗಂಡ ಬಡವನಿದ್ದಾಗಿನಿಂದ ಜತೆಗಿದ್ದವಳು. ಗಂಡ ಚಕ್ರವರ್ತಿ ಆದ ಮೇಲೆ ಚಿ ಅನ್ನೋ ಚಿಕ್ಕ ಹೆಂಡತಿಯ ಮೇಲೆ ಅವನಿಗೆ ಪ್ರೀತಿ. ಅವಳ ಮಗ ರುಯಿಗೆ ಪಟ್ಟ ಕೊಡಬೇಕು, ಲ್ಯೂಳ ಮಗ ತೀರಾ ಮೆತ್ತಗೆ ಅಂತ ಅವನ ಹಟ. ಲ್ಯೂ ಸುಮ್ನೆ ಕೂರಲಿಲ್ಲ. ಚಕ್ರವರ್ತಿ ಎಷ್ಟು ಕರೆದರೂ ಗುಡ್ಡ ಬಿಟ್ಟು ಬಾರದ ನಾಲ್ಕು ಜನ ಬಿಳಿಗಡ್ಡದ ಹಿರಿಯರಿದ್ದರು. ಅವರನ್ನು ಹೇಗೋ ಒಪ್ಪಿಸಿ ತನ್ನ ಮಗನ ಹಿಂದೆ ನಿಲ್ಲಿಸಿದಳು. ಒಂದು ಔತಣದಲ್ಲಿ ಅವರನ್ನು ಕಂಡ ಲಿಯು ಬಾಂಗ್, ಇನ್ನು ಇವನನ್ನು ಕದಲಿಸುವುದು ಆಗದು ಅಂತ ಕೈಬಿಟ್ಟ.

ಕ್ರಿ.ಪೂ. 195ರಲ್ಲಿ ಅವನು ಸತ್ತ. ಲ್ಯೂಳ ಮಗ ಪಟ್ಟಕ್ಕೆ ಬಂದ. ಈ ಹುಡುಗ ನಿಜಕ್ಕೂ ಮೆತ್ತನೆಯವನೇ, ಒಳ್ಳೆಯವನು. ತಾಯಿ ತನ್ನ ಮಲತಮ್ಮನನ್ನು ಕೊಲ್ಲಿಸುತ್ತಾಳೆ ಅಂತ ಗೊತ್ತಾಗಿ ಆ ಪೋರನನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಒಂದೇ ತಾಟಿನ ಊಟ, ಒಂದೇ ಕಡೆ ನಿದ್ದೆ. ತಿಂಗಳುಗಟ್ಟಲೆ ಲ್ಯೂಗೆ ಸಂದು ಸಿಗಲಿಲ್ಲ. ಒಂದು ಚಳಿಗಾಲದ ಬೆಳಗ್ಗೆ ನಸುಕಿನಲ್ಲೇ ಅಣ್ಣ ಬೇಟೆಗೆ ಹೊರಟ. ತಮ್ಮ ಚಿಕ್ಕವನು, ಅಷ್ಟು ಬೇಗ ಏಳಲಿಲ್ಲ. ಮಲಗಿರಲಿ ಅಂತ ಬಿಟ್ಟು ಹೋದ. ತಿರುಗಿ ಬರುವಷ್ಟರಲ್ಲಿ ಹುಡುಗನಿಗೆ ವಿಷ ಕುಡಿಸಿ ಆಗಿತ್ತು. ಚಿಗೆ ಲ್ಯೂ ಮಾಡಿದ್ದನ್ನು ನಾನು ಇಲ್ಲಿ ಬರೆಯೋದಿಲ್ಲ, ಬೆಳಗಿನ ಚಹಾದ ಜತೆ ಈ ಪುಟ ಓದುವವರು ಇದ್ದೀರಿ. ಅದನ್ನು ಮಗನಿಗೆ ಕರೆದು ತೋರಿಸಿದಳು. ಅವನು ಹಾಸಿಗೆ ಹಿಡಿದ, ಆಮೇಲೆ ರಾಜ್ಯದ ಕಡೆ ತಿರುಗಿ ನೋಡಲಿಲ್ಲ, ಕುಡಿದೇ ಸತ್ತ. ಕ್ರಿ.ಪೂ. 180ರಲ್ಲಿ ತಾನು ಸಾಯುವವರೆಗೆ ಲ್ಯೂಳೇ ಆಳಿದಳು. ಅವಳು ಕಣ್ಣು ಮುಚ್ಚಿದ ಕೂಡಲೇ ಅವಳ ತವರಿನವರನ್ನೆಲ್ಲ ಹುಡುಕಿ ಹುಡುಕಿ ಕೊಂದರು.

ಈ ನೆನಪು ಹಾನ್ ಅರಸರಿಗೆ ಹೋಗಲೇ ಇಲ್ಲ. ಅದೇ ಮನೆತನದ ವು ಚಕ್ರವರ್ತಿ ಮುದುಕನಾದಾಗ ಹಿರಿಯ ಮಗ ಮಾಟದ ಆಪಾದನೆಯ ಗೊಂದಲದಲ್ಲಿ ಕ್ರಿ.ಪೂ. 91ರಲ್ಲಿ ಸತ್ತಿದ್ದ. ಉಳಿದ ಮಕ್ಕಳಲ್ಲಿ ಅವನ ಕಣ್ಣು ಬಿದ್ದದ್ದು ಚಿಕ್ಕ ಹೆಂಡತಿಯ ಮಗುವಿನ ಮೇಲೆ. ಅದಕ್ಕೆ ಪಟ್ಟ ಅಂತ ಮನಸ್ಸು ಮಾಡಿದ ಮೇಲೆ ಅವನು ಮಾಡಿದ ಕೆಲಸ, ಆ ತಾಯಿಯನ್ನು ಸಾಯಿಸಿದ್ದು. ಮಗ ಚಿಕ್ಕವನು, ತಾಯಿ ಪ್ರಾಯದವಳು, ನಾಳೆ ಇನ್ನೊಬ್ಬ ಲ್ಯೂ ಆಗುತ್ತಾಳೆ ಅನ್ನೋದು ಕಾರಣ. ಅವಳ ತಪ್ಪು ಏನೂ ಇರಲಿಲ್ಲ.

ನಾಲ್ಕು ನೂರು ವರ್ಷ ದಾಟಿದ ಮೇಲೆ ಉತ್ತರದ ವೇಯ್ ಅನ್ನೋ ಮನೆತನ ಇದನ್ನು ಪದ್ಧತಿಯನ್ನೇ ಮಾಡಿಕೊಂಡಿತು: ಮಗ ಯುವರಾಜ ಆದರೆ ತಾಯಿ ಸಾಯಬೇಕು. ಅಂತಃಪುರದ ಹೆಂಗಸರು ನಮಗೆ ಹಿರಿಯ ಗಂಡುಮಗು ಬೇಡಪ್ಪಾ ಅಂತ ಬೇಡಿಕೊಳ್ಳುತ್ತಿದ್ದರಂತೆ. ಹೂ ಅನ್ನೋ ಒಬ್ಬ ಹೆಂಗಸು ಮಾತ್ರ, ನನ್ನ ಜೀವಕ್ಕೆ ಹೆದರಿ ಅರಸನಿಗೆ ಮಗ ಇಲ್ಲದಂತೆ ಮಾಡಲೇ ಅಂತ ಧೈರ್ಯ ಮಾಡಿ ಹೆತ್ತಳು. ಅವಳ ಗಂಡ ಪದ್ಧತಿ ಮುರಿದು ಅವಳನ್ನು ಉಳಿಸಿದ. ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚಂದ ಅಲ್ವಾ? ಮುಂದೆ ಅವಳೇ ಅಧಿಕಾರ ಹಿಡಿದಳು, 528ರಲ್ಲಿ ಅವಳ ಮಗ ಸತ್ತಾಗ, ವಿಷ ಹಾಕಿಸಿದವಳು ತಾಯಿಯೇ ಅಂತ ಎಲ್ಲರೂ ಹೇಳಿದರು.

ವು ಝೆಟಿಯಾನ್ ಬಗ್ಗೆ ಕೇಳದೆ ಬಿಟ್ಟಿದ್ದೀರಿ, ನಾನೇ ಹೇಳ್ತೀನಿ. ಚೀನಾದ ಅಷ್ಟು ಉದ್ದ ಇತಿಹಾಸದಲ್ಲಿ ಮಗನ ಹೆಸರಿನಲ್ಲಿ ಅಲ್ಲದೆ ತಾನೇ ಹುವಾಂಗ್‌ಡಿ ಅಂತ ಪಟ್ಟಕ್ಕೆ ಕೂತು ಆಳಿದ ಹೆಂಗಸು ಅವಳೊಬ್ಬಳೇ. 690ರಿಂದ 705. ಆಗ ಅವಳಿಗೆ ಅರವತ್ತು ದಾಟಿತ್ತು. ಅವಳಿಗೆ ಎದುರಾದ ತೊಡಕು ನೋಡಿ: ಮುಂದಿನ ಪಟ್ಟ ಯಾರಿಗೆ? ಮಗನಿಗೆ ಕೊಟ್ಟರೆ ರಾಜ್ಯ ಗಂಡನ ಮನೆತನಕ್ಕೆ ವಾಪಸ್. ತವರಿನ ಅಣ್ಣನ ಮಗನಿಗೆ ಕೊಟ್ಟರೆ ತನ್ನ ಮನೆತನ ಉಳಿಯುತ್ತದೆ. ಆಗ ಡಿ ರೆನ್‌ಜೀ ಅನ್ನೋ ಮಂತ್ರಿ ಒಂದು ಮಾತು ಹೇಳಿದ. ಮಗ ಪಟ್ಟಕ್ಕೆ ಬಂದರೆ ನಿಮಗೆ ತಲೆತಲಾಂತರ ಎಡೆ ಇಡುತ್ತಾನೆ, ಸೋದರಳಿಯ ಪಟ್ಟಕ್ಕೆ ಬಂದು ಅತ್ತೆಗೆ ಎಡೆ ಇಟ್ಟದ್ದನ್ನು ಎಲ್ಲೂ ಕೇಳಿಲ್ಲ ಅಂತ. ಮುದುಕಿ ಯೋಚನೆಗೆ ಬಿದ್ದಳು. ಪಟ್ಟ ಮಗನಿಗೇ ಹೋಯಿತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಸರ್, ನಮ್ಮ ಚಾಲುಕ್ಯರಲ್ಲೂ ಇಂಥದ್ದು ನಡೆದಿತ್ತಲ್ಲ? ಹೋಲಿಸಿ ಬರೆಯಿರಿ.
– ಓದುಗರು, ಲಕ್ಕುಂಡಿ

ನಡೆದಿತ್ತು, ಅದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬಾದಾಮಿಯಲ್ಲಿ ಅಣ್ಣ ಕೀರ್ತಿವರ್ಮ ತೀರಿಕೊಂಡಾಗ ಮಗ ಪುಲಕೇಶಿ ಚಿಕ್ಕವನು ಅಂತ ತಮ್ಮ ಮಂಗಳೇಶ ಆಡಳಿತ ಹಿಡಿದ. ಹುಡುಗ ಬೆಳೆದ ಮೇಲೆ ಬಿಟ್ಟುಕೊಡಬೇಕಿತ್ತು, ಬಿಡಲಿಲ್ಲ. ತನ್ನ ಮಗನಿಗೇ ಪಟ್ಟ ಅಂತ ಹೊರಟ. ಪುಲಕೇಶಿ ಹೊರಗೆ ಹೋಗಿ ಬಲ ಕೂಡಿಸಿಕೊಂಡು ಬಂದು ಕಾಕಾನನ್ನು ಸೋಲಿಸಿದ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇದನ್ನು ಒಂದೇ ಪದ್ಯದಲ್ಲಿ ಮುಗಿಸುತ್ತಾನೆ: ಮಗನಿಗೆ ರಾಜ್ಯ ಕೊಡಿಸುವ ಪ್ರಯತ್ನ, ರಾಜ್ಯ, ಜೀವ, ಮೂರನ್ನೂ ಮಂಗಳೇಶ ಒಟ್ಟಿಗೆ ಕಳೆದುಕೊಂಡ ಅಂತ.

ಇಲ್ಲಿ ಪುಲಕೇಶಿ ಪಟ್ಟ ಏರಿ ಹದಿನೈದು ಹದಿನಾರು ವರ್ಷ ಆಗುವ ಹೊತ್ತಿಗೆ, 626ರಲ್ಲಿ, ಅಲ್ಲಿ ಚಾಂಗಾನ್ ಅರಮನೆಯ ಉತ್ತರದ ಶುವಾನ್‌ವು ಬಾಗಿಲಲ್ಲಿ ಲಿ ಷಿಮಿನ್ ತನ್ನ ಅಣ್ಣನಿಗೆ ಕಾದು ಕೂತಿದ್ದ. ತಾಂಗ್ ಮನೆತನ ಕಟ್ಟಿ ಆಗ ಎಂಟೇ ವರ್ಷ. ಯುದ್ಧಗಳನ್ನು ಗೆದ್ದವನು ಎರಡನೆಯ ಮಗ ಲಿ ಷಿಮಿನ್, ಯುವರಾಜ ಮಾತ್ರ ಹಿರಿಯ ಮಗ. ಬಾಗಿಲ ಕಾವಲಿನವರನ್ನು ಲಿ ಷಿಮಿನ್ ಮೊದಲೇ ತನ್ನ ಕಡೆ ಮಾಡಿಕೊಂಡಿದ್ದ. ಮತ್ತೆ ಅದೇ ಮಾತು ಬಂತು ನೋಡಿ, ಹತ್ತಿರ ಇದ್ದವರು. ಅಣ್ಣನಿಗೆ ತಾನೇ ಬಾಣ ಹೊಡೆದ. ಅಣ್ಣನ ಜತೆ ಬಂದ ತಮ್ಮನೂ ಸತ್ತ. ಅಪ್ಪ ಅಷ್ಟು ಹೊತ್ತಿಗೆ ಅರಮನೆಯ ಕೆರೆಯಲ್ಲಿ ದೋಣಿ ಮೇಲೆ ಇದ್ದ. ಲಿ ಷಿಮಿನ್‌ನ ಸರದಾರ ಯುಚಿ ಜಿಂಗ್‌ಡೆ ಕವಚ ತೊಟ್ಟು, ಈಟಿ ಹಿಡಿದು ನೇರ ಅಲ್ಲಿಗೆ ಹೋಗಿ ನಿಂತ. ಯುವರಾಜ ದಂಗೆ ಎದ್ದಿದ್ದ, ನಿಮ್ಮ ರಕ್ಷಣೆಗೆ ಬಂದೆ ಎಂದ! ಅಪ್ಪ ಏನು ಮಾಡಿಯಾನು? ಮೂರು ದಿನಕ್ಕೆ ಲಿ ಷಿಮಿನ್ ಯುವರಾಜ, ಎರಡು ತಿಂಗಳಿಗೆ ಚಕ್ರವರ್ತಿ. ಸತ್ತ ಅಣ್ಣತಮ್ಮಂದಿರ ಗಂಡುಮಕ್ಕಳನ್ನೂ ಉಳಿಸಲಿಲ್ಲ.

ಇಬ್ಬರೂ ಆಮೇಲೆ ಬಹಳ ದೊಡ್ಡ ಅರಸರಾದರು, ಇದು ನನ್ನನ್ನು ಯಾವಾಗಲೂ ಇರಿಸುಮುರಿಸು ಮಾಡುವ ವಿಷಯ. ಇಬ್ಬರ ನಾಡನ್ನೂ ಕಂಡು ಬರೆದವನು ಒಬ್ಬನೇ, ನಮ್ಮ ಶಾಲೆ ಪುಸ್ತಕದ ಹ್ಯೂಯೆನ್ ತ್ಸಾಂಗ್. ಪುಲಕೇಶಿಯ ರಾಜ್ಯ ಸುತ್ತಿ, 645ರಲ್ಲಿ ಊರಿಗೆ ಮರಳಿ, ಲಿ ಷಿಮಿನ್ ಹೇಳಿದ್ದಕ್ಕೆ ತನ್ನ ಪ್ರವಾಸದ ವಿವರ ಬರೆದುಕೊಟ್ಟ. ಅದರಲ್ಲಿ ಪುಲಕೇಶಿಯ ಹೊಗಳಿಕೆ ಇದೆ.

ಲಿ ಷಿಮಿನ್‌ಗೆ ಒಂದು ಚಿಂತೆ ಇತ್ತು. ಆಸ್ಥಾನದ ದಿನಚರಿ ಬರೆಯುವ ಅಧಿಕಾರಿಯನ್ನು, ನನ್ನ ಬಗ್ಗೆ ಏನು ಬರೆದಿದ್ದೀರಿ ತೋರಿಸಿ ಅಂತ ಕೇಳಿದ. ಅವನು ತೋರಿಸಲಿಲ್ಲ. ಅರಸರು ಅದನ್ನು ನೋಡುವ ಪದ್ಧತಿ ಇಲ್ಲ ಅಂತ ಮುಖಕ್ಕೆ ಹೇಳಿದ. ಮತ್ತೆ ಅವನ ಸ್ವಂತ ಮಕ್ಕಳೂ ಪಟ್ಟಕ್ಕೆ ಕಚ್ಚಾಡಿ, 643ರಲ್ಲಿ ಹಿರಿಯ ಮಗನನ್ನು ಯುವರಾಜ ಪದವಿಯಿಂದ ಇಳಿಸಬೇಕಾದಾಗ, ಲಿ ಷಿಮಿನ್ ಮಂತ್ರಿಗಳ ಮುಂದೆಯೇ ಕತ್ತಿ ಎಳೆದು ಚುಚ್ಚಿಕೊಳ್ಳಲು ಹೋದ. ಪಕ್ಕದವರು ಕಸಿದುಕೊಂಡರು. ಕೊನೆಗೆ ಪಟ್ಟ ಹೋದದ್ದು ಮೆತ್ತನೆಯ ಮಗ ಒಬ್ಬನಿಗೆ. ಮೇಲೆ ಹೇಳಿದ ವು ಝೆಟಿಯಾನ್‌ಳ ಗಂಡ ಅವನೇ.

ಪ್ರಶ್ನೆ: ಒಬ್ಬ ಅರಸನಿಗೆ ಮೂರು ಮೂರು ಹೆಸರು ಯಾಕೆ? ಓದುವಾಗ ತಲೆ ಕೆಡುತ್ತದೆ.
– ಗ್ರಂಥಾಲಯದ ಓದುಗರು, ಹಾವೇರಿ

ನನಗೂ ಕೆಡುತ್ತದೆ. ಹುಟ್ಟು ಹೆಸರನ್ನು ಬಾಯಲ್ಲಿ ಆಡುವ ಹಾಗಿಲ್ಲ. ಸತ್ತ ಮೇಲೆ ಗುಣ ನೋಡಿ ಒಂದು ಹೆಸರು, ಹಿರಿಯರ ಗುಡಿಯಲ್ಲಿ ಪೂಜೆಗೆ ಒಂದು ಹೆಸರು, ಜತೆಗೆ ಆಳುವಾಗ ವರ್ಷ ಎಣಿಸಲು ಇಟ್ಟ ಶಕೆಯ ಹೆಸರು. ಹಾನ್ ಅರಸರನ್ನು ಗುಣದ ಹೆಸರಿನಿಂದ, ತಾಂಗ್ ಅರಸರನ್ನು ಗುಡಿಯ ಹೆಸರಿನಿಂದ, ಮಿಂಗ್ ಮತ್ತು ಚಿಂಗ್ ಅರಸರನ್ನು ಶಕೆಯ ಹೆಸರಿನಿಂದ ಕರೆಯುವುದು ರೂಢಿ. ಇಷ್ಟು ನೆನಪಿಟ್ಟರೆ ಸಾಕು.

ಪ್ರಶ್ನೆ: ನಮ್ಮೂರ ಬಾಬಾಸಾಹೇಬರು ದತ್ತು ಒಪ್ಪಲಿಲ್ಲ ಅಂತ ಇಂಗ್ಲಿಷರ ಮೇಲೆ ತಿರುಗಿ ಬಿದ್ದರು. ಚೀನಾದಲ್ಲಿ ಮಕ್ಕಳಿಲ್ಲದ ಅರಸರು ದತ್ತು ತೆಗೆದುಕೊಳ್ಳುತ್ತಿದ್ದರೇ?
– ನಿವೃತ್ತ ಮಾಸ್ತರರು, ನರಗುಂದ

ಮಾಸ್ತರರೇ, ನಮಸ್ಕಾರ. ನರಗುಂದದ 1858, ಕಿತ್ತೂರಿನ 1824, ಎರಡರಲ್ಲೂ ದತ್ತಿನ ಮಾತೇ ಇತ್ತು. ಚೀನಾದಲ್ಲಿ ತಕರಾರು ತಿರುಗಾಮುರುಗಾ ಇತ್ತು. ದತ್ತು ಹೋಗು ಅಂತ ಮಂತ್ರಿಗಳು ಹೇಳುತ್ತಾರೆ, ಅರಸನೇ ಒಲ್ಲೆ ಅನ್ನುತ್ತಾನೆ.

1521ರಲ್ಲಿ ಮಿಂಗ್ ಮನೆತನದ ಚಕ್ರವರ್ತಿ ಮಕ್ಕಳಿಲ್ಲದೆ ಸತ್ತ. ಕಾಕಾನ ಮಗನನ್ನು, ಹದಿಮೂರು ಹದಿನಾಲ್ಕರ ಹುಡುಗನನ್ನು ಕರೆತಂದರು. ಜಿಯಾಜಿಂಗ್ ಅನ್ನೋದು ಅವನ ಶಕೆಯ ಹೆಸರು. ಮಂತ್ರಿಗಳು ಹೇಳಿದರು: ನೀನು ಈಗ ಹಿಂದಿನ ಚಕ್ರವರ್ತಿಯ ಅಪ್ಪನಿಗೆ ದತ್ತು ಮಗ, ಅವರನ್ನೇ ಅಪ್ಪ ಅನ್ನಬೇಕು, ಹೆತ್ತ ಅಪ್ಪನನ್ನು ಕಾಕಾ ಅನ್ನಬೇಕು. ಹುಡುಗ ಒಪ್ಪಲಿಲ್ಲ. ತೀರಿಹೋದ ಅಪ್ಪನಿಗೂ ಚಕ್ರವರ್ತಿ ಬಿರುದು ಬೇಕು ಅಂತ ಹಟ ಹಿಡಿದ. ಮೂರು ವರ್ಷ ವಾದ ನಡೆಯಿತು. 1524ರಲ್ಲಿ ಇನ್ನೂರಕ್ಕೂ ಹೆಚ್ಚು ಅಧಿಕಾರಿಗಳು ಅರಮನೆ ಬಾಗಿಲ ಮುಂದೆ ಮೊಣಕಾಲೂರಿ ಕೂತು ಗೋಳಾಡಿದರು. ಅವನು ನೂರಕ್ಕೂ ಹೆಚ್ಚು ಜನರನ್ನು ಹಿಡಿಸಿ ಬಡಿಗೆಯಿಂದ ಹೊಡೆಸಿದ, ಹತ್ತಕ್ಕೂ ಹೆಚ್ಚು ಜನ ಸತ್ತರು. ಅಪ್ಪನನ್ನು ಅಪ್ಪ ಅನ್ನಬೇಕೋ ಕಾಕಾ ಅನ್ನಬೇಕೋ ಅನ್ನೋದಕ್ಕೆ! ಮಂತ್ರಿಗಳದ್ದು ಸುಮ್ನೆ ಹಟ ಅಲ್ಲ, ವಂಶದ ಸಾಲು ಕಡಿದರೆ ಪಟ್ಟದ ಹಕ್ಕೇ ಅಲುಗಾಡುತ್ತದೆ ಅನ್ನೋದು ಅವರ ಲೆಕ್ಕ. ಆದರೂ ನನ್ನ ಓಟು ಆ ಹುಡುಗನ ಕ್ರೌರ್ಯಕ್ಕಲ್ಲ, ಹಟಕ್ಕೆ.

ಪ್ರಶ್ನೆ: ಇಷ್ಟು ರಕ್ತ ಹರಿದ ಮೇಲೂ ಯಾರಿಗೂ ಒಂದು ಸರಿಯಾದ ಉಪಾಯ ಹೊಳೆಯಲಿಲ್ಲವೇ?
– ಬ್ಯಾಂಕ್ ನೌಕರರು, ವಿದ್ಯಾನಗರ, ಹುಬ್ಬಳ್ಳಿ

ಹೊಳೆಯಿತು, ಬಹಳ ತಡವಾಗಿ. ಚಿಂಗ್ ಮನೆತನದ ಕಾಂಗ್‌ಶಿ ಚಕ್ರವರ್ತಿ 61 ವರ್ಷ ಆಳಿದ. ಒಬ್ಬ ಮಗನನ್ನು ಯುವರಾಜ ಮಾಡಿದ, ಇಳಿಸಿದ, ಮತ್ತೆ ಮಾಡಿದ, ಮತ್ತೆ ಇಳಿಸಿದ. ಉಳಿದ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಕಾದಾಡಿದರು. ಆ ಜಗಳದಿಂದ ಗೆದ್ದು ಬಂದವನು ಯುಂಗ್‌ಝೆಂಗ್. ಅಪ್ಪ ಸಾಯುವಾಗ ನಿಜಕ್ಕೂ ಇವನ ಹೆಸರೇ ಹೇಳಿದನೋ ಅನ್ನೋ ಗುಸುಗುಸು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಹೀಗಾಗಿ 1723ರಲ್ಲಿ ಅವನು ಹೊಸ ಪದ್ಧತಿ ತಂದ. ಯುವರಾಜ ಅಂತ ಯಾರನ್ನೂ ಸಾರುವುದೇ ಇಲ್ಲ. ಹೆಸರು ಬರೆದು ಪೆಟ್ಟಿಗೆಯಲ್ಲಿ ಮುಚ್ಚಿ, ಬೀಜಿಂಗ್ ಅರಮನೆಯ ಒಂದು ದೊಡ್ಡ ಸಭಾಂಗಣದಲ್ಲಿ, ಸಿಂಹಾಸನದ ಮೇಲೆ ಎತ್ತರದಲ್ಲಿ ತೂಗುಹಾಕಿದ ಫಲಕದ ಹಿಂದೆ ಇಡುವುದು. ಫಲಕದ ಮೇಲಿನ ಬರಹದ ಅರ್ಥ 'ನೆಟ್ಟಗೆ, ಬೆಳಕಿನಂತೆ ಸ್ಪಷ್ಟ' ಅಂತ. ಅದರ ಹಿಂದೆಯೇ ಗುಟ್ಟು! ಇನ್ನೊಂದು ಪ್ರತಿ ಚಕ್ರವರ್ತಿಯ ಹತ್ತಿರ. ಅವನು ಸತ್ತ ಮೇಲೆ ಎರಡನ್ನೂ ತೆಗೆದು ತಾಳೆ ನೋಡುವುದು. ನಿಮ್ಮ ಬ್ಯಾಂಕಿನ ಲಾಕರಿಗೂ ಎರಡು ಕೀಲಿ ಇರುತ್ತವಲ್ಲ, ಅದೇ ಬುದ್ಧಿ. ಹಾಸಿಗೆ ಹತ್ತಿರ ಇದ್ದವನು ಒಬ್ಬನೇ ಏನೂ ಮಾಡುವ ಹಾಗಿಲ್ಲ.

ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು, 1850ರವರೆಗೆ. ಆಮೇಲೆ ಅದರಲ್ಲಿ ಹಾಕಲು ಹೆಸರೇ ಉಳಿಯಲಿಲ್ಲ. ಆ ವರ್ಷ ಪಟ್ಟಕ್ಕೆ ಬಂದವನಿಗೆ ಬದುಕಿ ಉಳಿದ ಗಂಡುಮಗ ಒಬ್ಬನೇ, ಆ ಮಗನಿಗೆ ಮಕ್ಕಳಿಲ್ಲ. ಮುಂದೆ ಆರಿಸಿದವಳು ವಿಧವೆ ರಾಣಿ ತ್ಸಿಶಿ. ಒಮ್ಮೆ ತನ್ನ ತಂಗಿಯ ಮಗನನ್ನು, ನಂತರ 1908ರಲ್ಲಿ ಇನ್ನೂ ಮೂರು ತುಂಬದ ಪುಯಿಯನ್ನು. ಸಿಂಹಾಸನದ ಮೇಲೆ ಕೂರಿಸಿದಾಗ ಮಗು ಮನೆಗೆ ಹೋಗಬೇಕು ಅಂತ ಅತ್ತು ರಂಪ ಮಾಡಿತು. ಪಕ್ಕದಲ್ಲಿ ಹಿಡಿದುಕೊಂಡಿದ್ದ ಅಪ್ಪ, ಅಳಬೇಡ, ಇನ್ನೇನು ಮುಗೀತು ಅಂತ ಸಮಾಧಾನ ಮಾಡಿದನಂತೆ. 1912ರ ಫೆಬ್ರುವರಿ 12ಕ್ಕೆ ಪಟ್ಟ ಬಿಟ್ಟ ಪತ್ರ ಹೊರಬಿತ್ತು. ಅದನ್ನು ಹೊರಡಿಸಿದವಳೂ ಒಬ್ಬ ವಿಧವೆ ರಾಣಿಯೇ, ಚಕ್ರವರ್ತಿಗೆ ಆಗ ಆರು ವರ್ಷ.